ಒಂದು ವಾಲ್ವ್‌ಗಾಗಿ ನಿಂತ ಟೊಯೋಟಾ: 1997ರ ಐಸಿನ್ ಬೆಂಕಿ ಪ್ರಕರಣ

1997ರ ಫೆಬ್ರುವರಿ 1, ಶನಿವಾರ. ಜಪಾನಿನ ಐಚಿ ಪ್ರಾಂತ್ಯದ ಕಾರಿಯಾದಲ್ಲಿ ಐಸಿನ್ ಸೇಕಿ ಕಂಪನಿಯ ಒಂದನೇ ನಂಬರ್ ಕಾರ್ಖಾನೆಗೆ ಬೆಳಗಿನ ಜಾವ ನಾಲ್ಕು ಗಂಟೆ ದಾಟಿದ ಹೊತ್ತಿಗೆ ಬೆಂಕಿ ಬಿತ್ತು. ಒಂಬತ್ತು ಗಂಟೆ ಆಗುವಷ್ಟರಲ್ಲಿ, ಕಾರಿನ ಬ್ರೇಕಿಗೆ ಬೇಕಾದ ಪಿ-ವಾಲ್ವ್ ಎಂಬ ಪುಟ್ಟ ಬಿಡಿಭಾಗವನ್ನು ತಯಾರಿಸುವ ಯಂತ್ರಗಳು ಸುಟ್ಟು ಕರಕಲಾಗಿದ್ದವು. ದಿನಕ್ಕೆ ಸುಮಾರು 32,500 ವಾಲ್ವ್‌ಗಳು ಅಲ್ಲಿಂದ ಹೊರಡುತ್ತಿದ್ದವು. ಟೊಯೋಟಾ ಬಳಸುತ್ತಿದ್ದ ಪಿ-ವಾಲ್ವ್‌ಗಳಲ್ಲಿ ಶೇ 99ರಷ್ಟು ಬರುತ್ತಿದ್ದುದು ಈ ಒಂದೇ ಕಂಪನಿಯಿಂದ. ಟೊಯೋಟಾ ಕಾರ್ಖಾನೆಗಳಲ್ಲಿ ಉಳಿದಿದ್ದ ದಾಸ್ತಾನು ಹೆಚ್ಚೆಂದರೆ ಎರಡು ಮೂರು ದಿನಕ್ಕೆ ಸಾಲುವಷ್ಟು.

ಮಂಗಳವಾರ ಟೊಯೋಟಾದ 30 ಜೋಡಣಾ ಲೈನ್‌ಗಳಲ್ಲಿ 20 ನಿಂತವು. ಬುಧವಾರ ಹೆಚ್ಚುಕಡಿಮೆ ಎಲ್ಲವೂ ನಿಂತವು. ದಿನಕ್ಕೆ 15,500ರಷ್ಟು ವಾಹನ ತಯಾರಿಸುತ್ತಿದ್ದ ಕಂಪನಿ ಅಂಗೈಯಲ್ಲಿ ಹಿಡಿಯಬಹುದಾದ ಒಂದು ಬಿಡಿಭಾಗಕ್ಕಾಗಿ ಬಾಗಿಲು ಹಾಕಿ ಕುಳಿತಿತ್ತು. ಗುರುವಾರ, ಅಂದರೆ 6ನೇ ತಾರೀಕು, ಎರಡು ಕಾರ್ಖಾನೆಗಳು ಮತ್ತೆ ಶುರುವಾದವು. ಮುಂದಿನ ಸೋಮವಾರ ದಿನದ ಉತ್ಪಾದನೆ 14,000ದ ಹತ್ತಿರ ಬಂದಿತ್ತು. ಅದಾಗಿ ಇನ್ನೊಂದು ವಾರಕ್ಕೆ ಎಲ್ಲವೂ ಮೊದಲಿನ ಮಟ್ಟ ತಲುಪಿತು. ಸುಟ್ಟುಹೋದ ಯಂತ್ರಗಳು ಮಾತ್ರ ಆಗಲೂ ಸುಟ್ಟೇ ಇದ್ದವು.

ಈ ಪ್ರಕರಣವನ್ನು ಹೇಳುವವರು ಸಾಮಾನ್ಯವಾಗಿ ಎರಡು ದಾರಿ ಹಿಡಿಯುತ್ತಾರೆ. ದಾಸ್ತಾನಿಲ್ಲದೆ ಕಾರ್ಖಾನೆ ನಡೆಸುವ ‘ಜಸ್ಟ್ ಇನ್ ಟೈಮ್’ ಪದ್ಧತಿಗೆ ಬಿದ್ದ ಏಟು ಎಂದು ಕೆಲವರು. ಜಪಾನಿ ಕಂಪನಿಗಳ ಒಗ್ಗಟ್ಟಿನ ಪವಾಡ ಎಂದು ಇನ್ನು ಕೆಲವರು. ಎರಡೂ ಸುಳ್ಳಲ್ಲ. ಆದರೆ ನಾಳೆ ಬೆಳಿಗ್ಗೆ ಯಾವ ಲೈನ್‌ನಲ್ಲಿ ಏನು ಓಡಿಸಬೇಕೆಂದು ನಿರ್ಧರಿಸಬೇಕಾದ ಯೋಜನಾ ವಿಭಾಗಕ್ಕೆ ಈ ಎರಡರಿಂದಲೂ ದಕ್ಕುವುದು ಕಡಿಮೆ. ‘ಎಷ್ಟು ದಿನದ ದಾಸ್ತಾನು ಇಡಬೇಕು?’ ಎಂಬ ಪ್ರಶ್ನೆಯನ್ನು ಒಂಟಿಯಾಗಿ ಕೇಳಿದರೆ ಉತ್ತರವೇ ಇಲ್ಲ ಎನ್ನುವುದನ್ನು ಈ ಬೆಂಕಿಯಷ್ಟು ಸ್ಪಷ್ಟವಾಗಿ ತೋರಿಸುವ ಪ್ರಕರಣ ನನಗೆ ಬೇರೆ ಗೊತ್ತಿಲ್ಲ. ಆ ಬಿಡಿಭಾಗ ನಿಂತುಹೋದರೆ ಎಲ್ಲಾದರೂ ಸರಿ, ಮತ್ತೆ ತಯಾರಾಗಲು ಎಷ್ಟು ದಿನ ಬೇಕು ಎಂಬುದು ಮೊದಲು ತಿಳಿಯಬೇಕು.

ಪಿ-ವಾಲ್ವ್ ಎಂದರೆ

ಪೂರ್ತಿ ಹೆಸರು ಪ್ರೊಪೋರ್ಷನಿಂಗ್ ವಾಲ್ವ್. ಬ್ರೇಕ್ ಒತ್ತಿದಾಗ ವಾಹನದ ಭಾರ ಮುಂದಕ್ಕೆ ವಾಲುತ್ತದೆ, ಹಿಂದಿನ ಚಕ್ರಗಳು ಹಗುರಾಗುತ್ತವೆ. ಮುಂದಿನ ಚಕ್ರಗಳಿಗೆ ಹೋದಷ್ಟೇ ಒತ್ತಡ ಹಿಂದಕ್ಕೂ ಹೋದರೆ ಹಿಂದಿನ ಚಕ್ರಗಳು ಬಿಗಿದು ನಿಂತು, ಗಾಡಿ ಗಿರಕಿ ಹೊಡೆಯುತ್ತದೆ. ಹಿಂದಕ್ಕೆ ಹೋಗುವ ಒತ್ತಡವನ್ನು ತಗ್ಗಿಸುವುದೇ ಈ ವಾಲ್ವ್‌ನ ಕೆಲಸ. ವಾಹನದ ತೂಕ, ಉದ್ದ, ಭಾರ ಹಂಚಿಕೆ ಬದಲಾದರೆ ವಾಲ್ವ್ ಕೂಡ ಬದಲಾಗಬೇಕು. ಆದ್ದರಿಂದ ಐಸಿನ್ ತಯಾರಿಸುತ್ತಿದ್ದುದು ಒಂದು ವಾಲ್ವ್ ಅಲ್ಲ, ನೂರಕ್ಕೂ ಹೆಚ್ಚು ಬಗೆಯ ವಾಲ್ವ್‌ಗಳು.

ಬೆಲೆಯಲ್ಲಿ ಅದು ಅಗ್ಗದ ವಸ್ತು. ತಯಾರಿಕೆಯಲ್ಲಿ ಹಾಗಲ್ಲ. ಚಿಕ್ಕ ಲೋಹದ ತುಂಡಿನೊಳಗೆ ಕ್ರಮೇಣ ಕಿರಿದಾಗುತ್ತ ಹೋಗುವ ರಂಧ್ರಗಳನ್ನು ಕೂದಲೆಳೆಯ ನಿಖರತೆಯಲ್ಲಿ ಕೊರೆಯಬೇಕು. ಅದಕ್ಕೆಂದೇ ಮಾಡಿಸಿದ ಡ್ರಿಲ್‌ಗಳು ಬೇಕು, ತುಂಡನ್ನು ಅಲುಗದಂತೆ ಹಿಡಿಯುವ ಜಿಗ್‌ಗಳು ಬೇಕು. ಬ್ರೇಕಿನ ಭಾಗವಾದ್ದರಿಂದ ಒಂದೊಂದನ್ನೂ ಪರೀಕ್ಷಿಸಿಯೇ ಕಳಿಸಬೇಕು. ಐಸಿನ್ ಈ ಕೆಲಸಕ್ಕೆ ಮಾತ್ರ ಮೀಸಲಾದ ನೂರಾರು ಯಂತ್ರಗಳನ್ನು ಒಂದೇ ಕಟ್ಟಡದಲ್ಲಿ ಸಾಲಾಗಿ ನಿಲ್ಲಿಸಿ, ಅಷ್ಟು ಕಡಿಮೆ ಬೆಲೆಗೆ ಅಷ್ಟು ಒಳ್ಳೆಯ ವಾಲ್ವ್ ಕೊಡುತ್ತಿತ್ತು. ಬೇರೆ ಯಾರೂ ಆ ಬೆಲೆಗೆ ಕೊಡಲಾರರು. ಹಾಗಾಗಿ ಟೊಯೋಟಾ ಬೇರೆ ಯಾರಿಂದಲೂ ಹೆಚ್ಚು ಕೊಳ್ಳಲಿಲ್ಲ. ಎರಡನೇ ಪೂರೈಕೆದಾರ ಇದ್ದದ್ದು ಹೆಸರಿಗೆ. ಶೇ 1ರಷ್ಟು ತಯಾರಿಸುವವರು ವಾರದೊಳಗೆ ನೂರು ಪಟ್ಟು ತಯಾರಿಸುವುದು ಆಗದ ಮಾತು.

ಇಲ್ಲಿ ಟೊಯೋಟಾ ತಪ್ಪಿತು ಎನ್ನುವುದು ಸುಲಭ. ಕಾರಿಯಾಕ್ಕೆ ಬೆಂಕಿ ಬೀಳುವ ಹಿಂದಿನ ದಿನ ಕೇಳಿದ್ದರೆ ಇದೇ ನಿರ್ಧಾರವನ್ನು ಯಾವ ಖರೀದಿ ವಿಭಾಗವೂ ಮೆಚ್ಚುತ್ತಿತ್ತು. ಒಂದೇ ಕಡೆ, ದೊಡ್ಡ ಪ್ರಮಾಣ, ಕಡಿಮೆ ಬೆಲೆ, ವರ್ಷಗಳಿಂದ ದೋಷವಿಲ್ಲದ ಪೂರೈಕೆ. ಲೆಕ್ಕದ ಹಾಳೆಯಲ್ಲಿ ‘ಈ ಕಟ್ಟಡ ಇಲ್ಲದಿದ್ದರೆ?’ ಎಂಬ ಕಾಲಂ ಇರಲಿಲ್ಲ, ಅಷ್ಟೆ.

ಸಮತಟ್ಟಾದ ವೇಳಾಪಟ್ಟಿಯ ಇನ್ನೊಂದು ಮುಖ

ಟೊಯೋಟಾದ ವೇಳಾಪಟ್ಟಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡದಿದ್ದರೆ ಲೈನ್‌ಗಳು ಅಷ್ಟು ಬೇಗ ನಿಂತದ್ದೇಕೆ ಎಂಬುದು ಅರ್ಥವಾಗುವುದಿಲ್ಲ.

ತಿಂಗಳ ಬೇಡಿಕೆಯನ್ನು ಕೆಲಸದ ದಿನಗಳಿಗೆ ಸಮನಾಗಿ ಹಂಚುತ್ತಾರೆ. ಅಷ್ಟೇ ಅಲ್ಲ, ಒಂದೊಂದು ದಿನದೊಳಗೂ ಮಾದರಿಗಳನ್ನು ಬೆರೆಸುತ್ತಾರೆ. ಸೋಮವಾರ ಪೂರ್ತಿ ಸಣ್ಣ ಕಾರು, ಮಂಗಳವಾರ ಪೂರ್ತಿ ದೊಡ್ಡ ಕಾರು ಎಂದು ಓಡಿಸುವುದಿಲ್ಲ. ಮೂರು ಮಾದರಿಗಳು 2:1:1ರ ಪ್ರಮಾಣದಲ್ಲಿ ಬೇಕಿದ್ದರೆ ಲೈನ್ ಮೇಲೆ ಅವು ಅ-ಬ-ಅ-ಕ, ಅ-ಬ-ಅ-ಕ ಎಂಬ ಸರದಿಯಲ್ಲಿ ಬರುತ್ತವೆ. ಇದೇ ‘ಹೈಜುಂಕಾ’. ಇದರ ಲಾಭ ದೊಡ್ಡದು. ಬಿಡಿಭಾಗ ಪೂರೈಸುವವರಿಗೆ ಏರಿಳಿತವಿಲ್ಲದ ಬೇಡಿಕೆ ಸಿಗುತ್ತದೆ, ಯಾರೂ ಯಾವುದನ್ನೂ ರಾಶಿ ಹಾಕಬೇಕಾಗುವುದಿಲ್ಲ. ಬಳಕೆಯಾದ ಪೆಟ್ಟಿಗೆಯ ಕಾನ್‌ಬಾನ್ ಚೀಟಿ ಹಿಂದಕ್ಕೆ ಹೋಗುತ್ತದೆ. ಆ ಚೀಟಿ ತಲುಪಿದಾಗಷ್ಟೇ ಮತ್ತೊಂದು ಪೆಟ್ಟಿಗೆ ತಯಾರಾಗುತ್ತದೆ.

ಚೀಟಿಗಳ ಸಂಖ್ಯೆಯನ್ನು ನಿರ್ಧರಿಸುವ ಲೆಕ್ಕ ಸರಳ: ದಿನದ ಬಳಕೆಯನ್ನು ಮರುಪೂರಣಕ್ಕೆ ಬೇಕಾದ ದಿನಗಳಿಂದ ಗುಣಿಸಿ, ಅದಕ್ಕೆ ತುಸು ಸುರಕ್ಷತಾ ಪಾಲು ಸೇರಿಸಿ, ಪೆಟ್ಟಿಗೆಯಲ್ಲಿ ಹಿಡಿಸುವ ಸಂಖ್ಯೆಯಿಂದ ಭಾಗಿಸಬೇಕು. ಈ ಸೂತ್ರದಲ್ಲಿ ‘ಮರುಪೂರಣಕ್ಕೆ ಬೇಕಾದ ದಿನ’ ಎಂದರೆ ಎಲ್ಲವೂ ಸರಿಯಿರುವ ದಿನದ ಲೆಕ್ಕ. ಯಂತ್ರ ಒಂದೆರಡು ಗಂಟೆ ಕೆಡುವುದು, ಲಾರಿ ತಡವಾಗುವುದು, ಒಂದು ಪೆಟ್ಟಿಗೆಯಲ್ಲಿ ದೋಷ ಕಾಣಿಸುವುದು ಮುಂತಾದವು ಸುರಕ್ಷತಾ ಪಾಲಿನೊಳಗೆ ಬರುತ್ತವೆ. ಕಾರ್ಖಾನೆಯೇ ಇಲ್ಲವಾಗುವುದು ಬರುವುದಿಲ್ಲ, ಬರಬೇಕಾದ್ದೂ ಇಲ್ಲ.

ಬೆರೆಸಿ ಓಡಿಸುವ ಲೈನ್‌ಗೆ ಇನ್ನೊಂದು ದೌರ್ಬಲ್ಯವಿದೆ, ಇದನ್ನು ಪಾಠ ಹೇಳುವವರು ಹೆಚ್ಚಾಗಿ ಬಿಟ್ಟುಬಿಡುತ್ತಾರೆ. ಪ್ರತಿದಿನ ಎಲ್ಲ ಮಾದರಿಗಳೂ ತಯಾರಾಗುತ್ತವೆ ಎಂದರೆ ಪ್ರತಿದಿನ ಎಲ್ಲ ಬಗೆಯ ವಾಲ್ವ್‌ಗಳೂ ಬೇಕು. ಮೇಲಿನ ಉದಾಹರಣೆಯಲ್ಲಿ ‘ಬ’ ಮಾದರಿಯ ವಾಲ್ವ್ ಮುಗಿಯಿತೆಂದುಕೊಳ್ಳೋಣ. ಅ ಮತ್ತು ಕ ಎರಡಕ್ಕೂ ವಾಲ್ವ್ ಇದ್ದರೂ ಸರದಿ ಮುರಿಯುತ್ತದೆ. ‘ಬ’ವನ್ನು ಬಿಟ್ಟು ಓಡಿಸಿದರೆ ಅ ಮತ್ತು ಕ ಮಾದರಿಗಳ ಆಸನ, ಬಾಗಿಲು, ಚಕ್ರಗಳ ಬಳಕೆ ಒಮ್ಮೆಲೇ ಏರುತ್ತದೆ, ಅವುಗಳ ಚೀಟಿಗಳು ಅಷ್ಟಿಲ್ಲ. ಒಟ್ಟು ವಾಲ್ವ್‌ಗಳ ಸಂಖ್ಯೆ ಎರಡು ದಿನಕ್ಕೆ ಸಾಕಾಗುತ್ತದೆ ಎಂಬ ಮಾತಿಗೆ ಹಾಗಾಗಿ ಬೆಲೆ ಕಡಿಮೆ. ನೂರು ಬಗೆಗಳಲ್ಲಿ ಎಲ್ಲಕ್ಕಿಂತ ಮೊದಲು ಮುಗಿಯುವುದು ಯಾವುದೋ ಅದೇ ಲೈನಿನ ಆಯುಷ್ಯವನ್ನು ನಿರ್ಧರಿಸುತ್ತದೆ.

ಆದರೆ ಇದೇ ಪದ್ಧತಿ ನಿಲ್ಲುವಾಗ ಚೊಕ್ಕವಾಗಿ ನಿಲ್ಲುತ್ತದೆ. ಲೈನ್ ನಿಂತರೆ ಚೀಟಿಗಳು ಹಿಂದಕ್ಕೆ ಹೋಗುವುದಿಲ್ಲ. ಚೀಟಿ ಬಾರದಿದ್ದರೆ ಆಸನ ಮಾಡುವವರೂ ಗಾಜು ಮಾಡುವವರೂ ಮುಂದಿನ ಪೆಟ್ಟಿಗೆ ತುಂಬುವುದಿಲ್ಲ. ಮುನ್ನಂದಾಜನ್ನು ನೆಚ್ಚಿ ಮೇಲಿನಿಂದ ತಳ್ಳುವ ಪದ್ಧತಿಯಲ್ಲಾದರೆ ವಾಲ್ವ್ ಇಲ್ಲದ ವಾರವೂ ಉಳಿದೆಲ್ಲ ಬಿಡಿಭಾಗಗಳು ಹಳೆಯ ಯೋಜನೆಯಂತೆ ಬಂದು ಬೀಳುತ್ತಿದ್ದವು. ಯಾರಾದರೂ ಕುಳಿತು ಯೋಜನೆಯನ್ನು ಮತ್ತೆ ಲೆಕ್ಕ ಹಾಕಿ ಸಾವಿರಾರು ಆದೇಶಗಳನ್ನು ತಡೆಹಿಡಿಯುವವರೆಗೂ ಅದು ನಿಲ್ಲದು. ಗುರುವಾರ ಮತ್ತೆ ಶುರುಮಾಡಿದಾಗ ಟೊಯೋಟಾದ ಅಂಗಳದಲ್ಲಿ ಅನಗತ್ಯ ರಾಶಿಗಳನ್ನು ಕರಗಿಸುವ ಕೆಲಸ ಇರಲಿಲ್ಲ. ನಿಂತ ಜಾಗದಿಂದಲೇ ಹೊರಟರೆ ಸಾಕಿತ್ತು. ‘ಜಸ್ಟ್ ಇನ್ ಟೈಮ್’ ಕೈಕೊಟ್ಟಿತು ಎನ್ನುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಯಂತ್ರಗಳಿಲ್ಲದ ಕೆಲಸವನ್ನು ಹಂಚಿದ ಬಗೆ

ಬೆಂಕಿ ಇನ್ನೂ ಉರಿಯುತ್ತಿರುವಾಗಲೇ ಐಸಿನ್ ತುರ್ತು ತಂಡ ಕಟ್ಟಿ, ಟೊಯೋಟಾಕ್ಕೂ ಇತರ ಪೂರೈಕೆದಾರರಿಗೂ ಸುದ್ದಿ ಮುಟ್ಟಿಸಿತು. ‘ಇನ್ನೇನು ಸರಿಮಾಡುತ್ತೇವೆ’ ಎಂದು ಸುದ್ದಿ ಮುಚ್ಚಿಡಲಿಲ್ಲ. ಸಮಸ್ಯೆ ತನ್ನ ಕೈಮೀರಿದ್ದು ಎಂದು ಮೊದಲ ಗಂಟೆಗಳಲ್ಲೇ ಒಪ್ಪಿಕೊಂಡು, ವಾಲ್ವ್ ತಯಾರಿಸಬಲ್ಲವರೆಲ್ಲ ತಯಾರಿಸಿ ಎಂದು ಕೇಳಿಕೊಂಡಿತು. ಇಡೀ ಪ್ರಕರಣದಲ್ಲಿ ಅತಿ ಬೆಲೆಬಾಳುವ ನಿರ್ಧಾರ ಯಾವುದೆಂದು ಕೇಳಿದರೆ ನಾನು ಇದನ್ನೇ ತೋರಿಸುತ್ತೇನೆ.

ಮುಂದಿನ ದಿನಗಳಲ್ಲಿ 62 ಕಂಪನಿಗಳು ತುರ್ತು ತಯಾರಕರಾದವು. ಅವುಗಳಿಗೆ ಡ್ರಿಲ್, ಜಿಗ್, ಕಚ್ಚಾ ಲೋಹ ಒದಗಿಸಿದವರನ್ನೂ ಸೇರಿಸಿದರೆ ಕೈಹಚ್ಚಿದ ಕಂಪನಿಗಳು 200ಕ್ಕೂ ಹೆಚ್ಚು. ಅವರಲ್ಲಿ ಯಾರ ಬಳಿಯೂ ಐಸಿನ್‌ನ ಮೀಸಲು ಯಂತ್ರಗಳಿರಲಿಲ್ಲ. ಇದ್ದದ್ದು ಯಾವ ಕೆಲಸಕ್ಕೂ ಒಗ್ಗುವ ಸಾಮಾನ್ಯ ಯಂತ್ರಗಳು, ಅವುಗಳಲ್ಲೂ ಬೇರೆ ಬೇರೆ ತಯಾರಿಕೆಯವು. ಐಸಿನ್‌ನಿಂದ ಬಂದ ನಕ್ಷೆ ಕೈಯಲ್ಲಿದ್ದರೂ ಅದನ್ನು ತಮ್ಮ ಯಂತ್ರದಲ್ಲಿ ಹೇಗೆ ಸಾಧಿಸುವುದೆಂದು ಪ್ರತಿಯೊಬ್ಬರೂ ಹೊಸದಾಗಿ ಕಂಡುಕೊಳ್ಳಬೇಕಿತ್ತು. ಐಸಿನ್‌ನ ಅನುಭವವೂ ಇಲ್ಲಿ ಪೂರ್ತಿ ಉಪಯೋಗಕ್ಕೆ ಬರಲಿಲ್ಲ. ಅದರ ತಂತ್ರಜ್ಞರಿಗೆ ಗೊತ್ತಿದ್ದುದು ಮೀಸಲು ಯಂತ್ರಗಳ ಕೆಲಸ.

ಇಲ್ಲಿ ಒಂದು ಸಂಖ್ಯೆಯನ್ನು ನಿಧಾನವಾಗಿ ನೋಡಬೇಕು. ಹೊಲಿಗೆ ಯಂತ್ರ ತಯಾರಿಸುವ ಬ್ರದರ್ ಕಂಪನಿ ಅಲ್ಲಿಯವರೆಗೆ ಕಾರಿನ ಭಾಗಗಳನ್ನು ಮುಟ್ಟಿದ್ದೇ ಇಲ್ಲ. ಅದು ಒಂದು ಮಿಲ್ಲಿಂಗ್ ಯಂತ್ರವನ್ನು ಈ ಕೆಲಸಕ್ಕೆ ಒಗ್ಗಿಸಲು ಸುಮಾರು 500 ಮಾನವ-ಗಂಟೆ ವ್ಯಯಿಸಿತು. ಅಷ್ಟು ಮಾಡಿ ಬಂದ ಫಲ ದಿನಕ್ಕೆ 40 ವಾಲ್ವ್. ದಿನದ ಬೇಡಿಕೆ 32,500. ಎಲ್ಲರೂ ಬ್ರದರ್‌ನಂತೆಯೇ ದುಡಿದಿದ್ದರೆ ಅಂಥ ಯಂತ್ರಗಳು 800ಕ್ಕೂ ಹೆಚ್ಚು ಬೇಕಾಗುತ್ತಿದ್ದವು, ಸಿದ್ಧತೆಗೇ ನಾಲ್ಕು ಲಕ್ಷ ಮಾನವ-ಗಂಟೆ. 62 ಕಂಪನಿಗಳಿಗೆ ಸಮನಾಗಿ ಹಂಚಿದರೂ ಒಂದೊಂದರ ಪಾಲಿಗೆ ದಿನಕ್ಕೆ 500ಕ್ಕಿಂತ ಹೆಚ್ಚು ವಾಲ್ವ್ ಬರುತ್ತವೆ. ಯಾರೂ ಸಮನಾಗಿ ಹಂಚಲಿಲ್ಲ, ಹಂಚುವುದು ಸಾಧ್ಯವೂ ಇರಲಿಲ್ಲ. ಡೆನ್ಸೊದಂಥ ದೊಡ್ಡ ಕಂಪನಿ ಬೇರೊಂದು ದಾರಿ ಹಿಡಿಯಿತು: ತನ್ನ ಮಾಮೂಲಿ ಕೆಲಸವನ್ನು ಹೊರಗಿನವರಿಗೆ ವಹಿಸಿ, ಬಿಡುವಾದ ಯಂತ್ರಗಳನ್ನು ವಾಲ್ವ್‌ಗೆ ತಿರುಗಿಸಿತು.

ಡೆನ್ಸೊ ಮಾಡಿದ್ದು ವೇಳಾಪಟ್ಟಿಯ ದೃಷ್ಟಿಯಿಂದ ಬಹಳ ಅಚ್ಚುಕಟ್ಟಾದ ಕೆಲಸ. ಕಷ್ಟದ ಕೆಲಸವನ್ನು ಹೊಸಬರಿಗೆ ಕೊಡಲಿಲ್ಲ; ಸುಲಭದ ಕೆಲಸವನ್ನು ಹೊಸಬರಿಗೆ ಕೊಟ್ಟು, ಕಷ್ಟದ್ದನ್ನು ನುರಿತ ಕೈಗಳಿಗೆ ಉಳಿಸಿಕೊಂಡಿತು. ಕೊರತೆಯಿದ್ದದ್ದು ಯಂತ್ರಕ್ಕಿಂತ ಹೆಚ್ಚಾಗಿ ನಿಖರವಾಗಿ ಕೊರೆಯಬಲ್ಲ ಸಾಮರ್ಥ್ಯಕ್ಕೆ. ಬಿಕ್ಕಟ್ಟಿನಲ್ಲಿ ನಾವು ಸಾಮಾನ್ಯವಾಗಿ ತುರ್ತು ಕೆಲಸವನ್ನು ಬಿಡುವಾಗಿರುವವರ ಮೇಲೆ ಹೇರುತ್ತೇವೆ. ಬಿಡುವಾಗಿರುವವರು ಬಿಡುವಾಗಿರುವುದಕ್ಕೆ ಅನೇಕ ವೇಳೆ ಕಾರಣವಿರುತ್ತದೆ.

ಮೊದಲ ದಿನಗಳಲ್ಲಿ ಇಕ್ಕಟ್ಟು ಜಾಗ ಬದಲಿಸುತ್ತಲೇ ಇತ್ತು. ಬೆಂಕಿಯ ಮರುದಿನ ಕೊರತೆಯಿದ್ದದ್ದು ನಕ್ಷೆಗಳಿಗೆ. ನಕ್ಷೆ ತಲುಪಿದ ಮೇಲೆ ವಿಶೇಷ ಡ್ರಿಲ್‌ಗಳಿಗೆ. ಡ್ರಿಲ್ ಸಿಕ್ಕ ಮೇಲೆ ಪರೀಕ್ಷೆಗೆ: ಹತ್ತಾರು ಕಡೆಯಿಂದ, ಹತ್ತಾರು ವಿಧಾನಗಳಲ್ಲಿ ತಯಾರಾದ ಬ್ರೇಕ್ ಭಾಗಗಳನ್ನು ನಂಬಿ ನೇರವಾಗಿ ಕಾರಿಗೆ ಹಾಕುವಂತಿಲ್ಲ. ಯೋಜನೆ ಮಾಡುವವರಿಗೆ ಇದರಲ್ಲಿ ಒಂದು ಕಹಿ ಸತ್ಯ ಇದೆ. ಶನಿವಾರ ಬೆಳಿಗ್ಗೆ ಕುಳಿತು ಹತ್ತು ದಿನದ ಪೂರ್ತಿ ವೇಳಾಪಟ್ಟಿ ಬರೆದಿದ್ದರೆ ಸೋಮವಾರದ ಹೊತ್ತಿಗೆ ಅದು ರದ್ದಿ ಕಾಗದ. ಪ್ರತಿ ಸಂಜೆ ‘ಈಗ ತಡೆ ಎಲ್ಲಿದೆ?’ ಎಂದು ಕೇಳಿ ಮರುದಿನದ ಪಟ್ಟಿಯನ್ನಷ್ಟೇ ಬರೆಯುವುದು ಅಂಥ ವಾರದಲ್ಲಿ ಉಳಿಯುವ ಒಂದೇ ದಾರಿ. ಎಲ್ಲವನ್ನೂ ಕೇಂದ್ರದಿಂದ ನಡೆಸಲು ಟೊಯೋಟಾ ಹೊರಡದೆ ಇದ್ದದ್ದು ಒಳ್ಳೆಯದೇ ಆಯಿತು. ಯಾರು ಯಾವ ಬಗೆಯ ವಾಲ್ವ್ ತಯಾರಿಸಬೇಕೆಂಬುದು ಮೇಲಿನಿಂದ ತೀರ್ಮಾನವಾಯಿತು. ಹೇಗೆ ತಯಾರಿಸಬೇಕೆಂಬುದು ಅವರವರ ಯಂತ್ರದ ಮುಂದೆ.

ದುಡ್ಡಿನ ಮಾತು

ಈ ಕಂಪನಿಗಳು ಬೆಲೆ ಮಾತಾಡದೆ ಕೆಲಸಕ್ಕೆ ಇಳಿದವು ಎಂಬುದನ್ನು ಬಹಳ ಭಾವುಕವಾಗಿ ಹೇಳುವವರಿದ್ದಾರೆ. ಸ್ವಲ್ಪ ತಣ್ಣಗೆ ನೋಡೋಣ. ಟೊಯೋಟಾ ಲೈನ್‌ಗಳು ನಿಂತರೆ ಅವರ ಮನೆಯ ಒಲೆಯೂ ಆರುತ್ತದೆ. ಕಾನ್‌ಬಾನ್ ಚೀಟಿ ಬಾರದ ಒಂದೊಂದು ದಿನವೂ ಅವರಿಗೂ ನಷ್ಟ. ವಾಲ್ವ್ ಮಾಡಿಕೊಡುವುದು ತಮ್ಮ ಉಳಿದ ವ್ಯಾಪಾರವನ್ನು ಮತ್ತೆ ಚಾಲೂ ಮಾಡುವ ಅತಿ ಹತ್ತಿರದ ದಾರಿಯೂ ಆಗಿತ್ತು. ಅದರ ಜೊತೆಗೆ, ಈ ಗುಂಪಿನಲ್ಲಿ ಕಷ್ಟಕ್ಕೆ ಆದವನನ್ನು ಕೈಬಿಡುವುದಿಲ್ಲ ಎಂಬ ನಂಬಿಕೆ ಹಲವು ದಶಕಗಳಿಂದ ಬೆಳೆದಿತ್ತು. ನಂಬಿಕೆ ಹುಸಿಯಾಗಲಿಲ್ಲ. ತುರ್ತು ತಯಾರಿಕೆಯ ನೇರ ವೆಚ್ಚವನ್ನು ಐಸಿನ್ ಭರಿಸಿತು. ಟೊಯೋಟಾ ತನ್ನ ಮೊದಲ ಹಂತದ ಪೂರೈಕೆದಾರರಿಗೆ ಜನವರಿ–ಮಾರ್ಚ್ ತ್ರೈಮಾಸಿಕದಲ್ಲಿ ಅವರು ತನಗೆ ಮಾರಿದ ಮೊತ್ತದ ಶೇ 1ರಷ್ಟನ್ನು ಹೆಚ್ಚುವರಿಯಾಗಿ ಕೊಟ್ಟಿತು. ಅದು ಒಟ್ಟು 1,500 ಕೋಟಿ ಯೆನ್ ದಾಟಬಹುದೆಂಬ ಅಂದಾಜಿತ್ತು. ಆ ಕಂಪನಿಗಳು ತಮ್ಮ ಕೆಳಗಿನ ಹಂತದವರೊಂದಿಗೂ ಇದೇ ರೀತಿ ನಡೆದುಕೊಂಡವು.

ಸುಮಾರು 70,000 ವಾಹನಗಳ ಉತ್ಪಾದನೆ ತಪ್ಪಿಹೋಗಿತ್ತು. ನಂತರದ ವಾರಗಳಲ್ಲಿ ಹೆಚ್ಚುವರಿ ಪಾಳಿ, ಓವರ್‌ಟೈಮ್‌ಗಳಿಂದ ಅದರಲ್ಲಿ ಬಹುಪಾಲನ್ನು ತುಂಬಿಕೊಂಡರು. ಈ ತುಂಬಿಕೊಳ್ಳುವಿಕೆಯನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಡುವುದು ರೂಢಿ. ಲೆಕ್ಕ ಹಾಕಿದರೆ ಅದು ಅಷ್ಟು ಹಗುರವಲ್ಲ. ಜಪಾನಿನಲ್ಲಿ ಆ ವರ್ಷದ ಏಪ್ರಿಲ್ 1ರಿಂದ ಬಳಕೆ ತೆರಿಗೆ ಶೇ 3ರಿಂದ ಶೇ 5ಕ್ಕೆ ಏರುವುದಿತ್ತು. ತೆರಿಗೆ ಏರುವ ಮುಂಚೆ ಕಾರು ಕೊಳ್ಳುವ ಅವಸರದಲ್ಲಿ ಗಿರಾಕಿಗಳಿದ್ದರು, ಕಾರ್ಖಾನೆಗಳು ಮೊದಲೇ ತುಂಬು ಕೆಲಸದಲ್ಲಿದ್ದವು. ದಿನಕ್ಕೆ 15,500ರ ಲೆಕ್ಕದಲ್ಲಿ 70,000 ಎಂದರೆ ನಾಲ್ಕೂವರೆ ದಿನದ ಉತ್ಪಾದನೆ. ದಿನಕ್ಕೆ ಶೇ 10ರಷ್ಟು ಹೆಚ್ಚು ತಯಾರಿಸಿದರೂ ಅದನ್ನು ತುಂಬಲು 45 ಕೆಲಸದ ದಿನ ಬೇಕು. ಫೆಬ್ರುವರಿ ಎರಡನೇ ವಾರದಿಂದ ಮಾರ್ಚ್ ಕೊನೆಯವರೆಗೆ ಅಷ್ಟು ಕೆಲಸದ ದಿನಗಳೇ ಇಲ್ಲ; ಇರುವ 35ರಷ್ಟು ದಿನಗಳಲ್ಲೇ ಮುಗಿಸಬೇಕೆಂದರೆ ದಿನಕ್ಕೆ 2,000, ಅಂದರೆ ಶೇ 13ರಷ್ಟು ಹೆಚ್ಚುವರಿ. ನಾಲ್ಕೂವರೆ ದಿನದಲ್ಲಿ ಕಳೆದುಕೊಂಡದ್ದಕ್ಕೆ ಎರಡು ತಿಂಗಳ ಬೆವರು.

ಪಾಳಿಗಳನ್ನು ಒಂದಕ್ಕೊಂದು ಅಂಟಿಸದೆ ನಡುವೆ ಬಿಡುವು ಇಡುವ ಟೊಯೋಟಾ ಪದ್ಧತಿಗೆ ಇಲ್ಲಿ ಅರ್ಥ ಬರುತ್ತದೆ. ಆ ಬಿಡುವು ಹಾಳೆಯ ಮೇಲೆ ನೋಡಿದರೆ ಪೋಲು. ಆದರೆ ದಾಸ್ತಾನನ್ನು ಕಡಿಮೆ ಇಟ್ಟವರು ಸಮಯವನ್ನಾದರೂ ಕೈಯಲ್ಲಿ ಇಟ್ಟುಕೊಂಡಿರಬೇಕು. ಎರಡನ್ನೂ ಕಿತ್ತುಹಾಕಿ, ಯಂತ್ರಗಳನ್ನು ಶೇ 98ರಷ್ಟು ಸಮಯ ಓಡಿಸುತ್ತೇವೆಂದು ಹೆಮ್ಮೆಪಡುವ ಕಾರ್ಖಾನೆಗೆ ಕಳೆದ ನಾಲ್ಕು ದಿನಗಳನ್ನು ತುಂಬಿಕೊಳ್ಳಲು ವರ್ಷದ ಬಹುಪಾಲು ಬೇಕಾದೀತು.

ಹಾಗಾದರೆ ದಾಸ್ತಾನು ಇಡಬೇಕಿತ್ತೇ?

ಹತ್ತು ದಿನಕ್ಕಾಗುವಷ್ಟು ವಾಲ್ವ್ ಎಂದರೆ 3,25,000. ಅಗ್ಗದ, ಚಿಕ್ಕ ವಸ್ತು. ಒಂದು ಉಗ್ರಾಣದ ಮೂಲೆ ಸಾಕು. ಅಷ್ಟು ಇದ್ದಿದ್ದರೆ ಒಂದು ಲೈನ್ ಕೂಡ ನಿಲ್ಲುತ್ತಿರಲಿಲ್ಲವೇನೋ. ಈ ವಾದ ಕೇಳಲು ಚೆನ್ನಾಗಿದೆ, ಏಕೆಂದರೆ ಬೆಂಕಿ ಬಿದ್ದದ್ದು ವಾಲ್ವ್ ಕಾರ್ಖಾನೆಗೆ ಎಂದು ನಮಗೆ ಈಗ ಗೊತ್ತಿದೆ. ಒಂದು ಕಾರಿನಲ್ಲಿ ಸಣ್ಣ ಸ್ಕ್ರೂಗಳನ್ನೂ ಎಣಿಸಿದರೆ 30,000ದಷ್ಟು ಭಾಗಗಳಿವೆ. ಎಲ್ಲಕ್ಕೂ ಹತ್ತು ದಿನದ ದಾಸ್ತಾನು ಇಡುವುದೆಂದರೆ ಆ ಕಾರ್ಖಾನೆ ಕಾರ್ಖಾನೆಯಾಗಿ ಉಳಿಯದೆ ಗೋದಾಮು ಆಗುತ್ತದೆ. ವಿನ್ಯಾಸ ಬದಲಾದಾಗ ರಾಶಿ ಗುಜರಿಗೆ ಹೋಗುತ್ತದೆ, ದೋಷವೊಂದು ಹತ್ತು ದಿನ ತಡವಾಗಿ ಕಣ್ಣಿಗೆ ಬೀಳುತ್ತದೆ. ಆಯ್ದ ಕೆಲವಕ್ಕಷ್ಟೇ ದಾಸ್ತಾನು ಇಡೋಣ ಎಂದರೆ, ಯಾವುದಕ್ಕೆ?

ಬೆಲೆ ನೋಡಿ ಆಯ್ದರೆ ತಪ್ಪುತ್ತೇವೆ. ಸಾಮಾನ್ಯ ಅಭ್ಯಾಸವೆಂದರೆ ಬೆಲೆಬಾಳುವ ವಸ್ತುಗಳ ಮೇಲೆ ಕಣ್ಣಿಟ್ಟು ಅಗ್ಗದವನ್ನು ಅವುಗಳ ಪಾಡಿಗೆ ಬಿಡುವುದು. 2007ರ ಜುಲೈನಲ್ಲಿ ನೀಗಾಟದ ಭೂಕಂಪದಿಂದ ರಿಕೆನ್ ಕಂಪನಿಯ ಕಾರ್ಖಾನೆ ನಿಂತಾಗ ಟೊಯೋಟಾ ಸೇರಿದಂತೆ ಜಪಾನಿನ ಕಾರು ತಯಾರಕರೆಲ್ಲ ಉತ್ಪಾದನೆ ನಿಲ್ಲಿಸಬೇಕಾಯಿತು. ಕೊರತೆಯಾದದ್ದು ಪಿಸ್ಟನ್ ರಿಂಗ್‌ಗೆ, ಅದೂ ಚಿಲ್ಲರೆ ಬೆಲೆಯ ವಸ್ತುವೇ. ಅಲ್ಲಿಯೂ ಗಿರಾಕಿ ಕಂಪನಿಗಳ ನೂರಾರು ತಂತ್ರಜ್ಞರು ಹೋಗಿ ಉರುಳಿದ ಯಂತ್ರಗಳನ್ನು ನೆಟ್ಟಗೆ ಮಾಡಿದರು, ಸುಮಾರು ಒಂದು ವಾರದಲ್ಲಿ ಕೆಲಸ ಮತ್ತೆ ಹತ್ತಿತು.

ಕಾರಿಯಾ ಮತ್ತು ರಿಕೆನ್ ಎರಡರಲ್ಲೂ ಹೊರಗಿನ ನುರಿತ ಕೈಗಳು ಬಂದು ಕೆಲಸ ಮಾಡಲು ಅವಕಾಶವಿತ್ತು. ಲೋಹ ಕೊರೆಯಬಲ್ಲವರು ಊರಿಗೆ ನೂರಿದ್ದರು. ಹಾಗಿರುವ ಬಿಡಿಭಾಗಕ್ಕೆ ಎರಡು ಮೂರು ದಿನದ ದಾಸ್ತಾನಿದ್ದು ವಾರದೊಳಗೆ ಪೂರೈಕೆ ಮರಳುತ್ತದೆಂದಾದರೆ, ತೆರೆದು ಬಿದ್ದಿರುವ ಅಂತರ ನಾಲ್ಕೈದು ದಿನ. ಅದನ್ನು ಮುಚ್ಚಲು ವಾಲ್ವ್ ಪೇರಿಸುವುದು ಒಂದು ದಾರಿ. ನಕ್ಷೆಗಳನ್ನೂ ವಿಶೇಷ ಡ್ರಿಲ್‌ಗಳ ಒಂದೆರಡು ಜೊತೆಯನ್ನೂ ಬೇರೆ ಕಡೆ ಇಟ್ಟು, ಆ ವಾರವನ್ನೇ ಮೂರು ದಿನಕ್ಕೆ ಇಳಿಸುವುದು ಇನ್ನೊಂದು. ಎರಡನೆಯದು ಅಗ್ಗ.

ಎಲ್ಲ ವಸ್ತುಗಳೂ ಹೀಗಲ್ಲ. 2000ದ ಮಾರ್ಚ್ 17ರಂದು ಅಮೆರಿಕದ ಆಲ್ಬುಕರ್ಕಿಯಲ್ಲಿ ಫಿಲಿಪ್ಸ್‌ನ ಚಿಪ್ ಕಾರ್ಖಾನೆಗೆ ಸಿಡಿಲಿನಿಂದ ಬೆಂಕಿ ತಗುಲಿತು. ಕೆಲವೇ ನಿಮಿಷಗಳಲ್ಲಿ ಆರಿಸಿದರು. ನಷ್ಟ ಆದದ್ದು ಹೊಗೆ ಮತ್ತು ನೀರಿನಿಂದ ಶುದ್ಧ ಕೊಠಡಿಗಳಿಗೆ. ಒಂದು ವಾರದ ವಿಳಂಬ ಎಂದು ಮೊದಲು ಹೇಳಿದ್ದು ತಿಂಗಳುಗಟ್ಟಲೆ ಎಳೆಯಿತು. ತನ್ನ ಮೊಬೈಲ್ ಫೋನ್‌ಗಳಿಗೆ ಅಲ್ಲಿಂದ ಚಿಪ್ ಕೊಳ್ಳುತ್ತಿದ್ದ ನೋಕಿಯಾ ದಿನದಿನವೂ ಬೆನ್ನುಬಿದ್ದು ವಿಚಾರಿಸಿ, ಇತರ ಕಡೆಗಳ ಸಾಮರ್ಥ್ಯವನ್ನು ತನಗಾಗಿ ಹಿಡಿದಿಟ್ಟುಕೊಂಡಿತು. ಅಲ್ಲಿಂದಲೇ ಕೊಳ್ಳುತ್ತಿದ್ದ, ಬೇರೆ ಮೂಲವಿಲ್ಲದ ಎರಿಕ್ಸನ್ ಎಚ್ಚೆತ್ತಾಗ ಹಿಡಿಯಲು ಏನೂ ಉಳಿದಿರಲಿಲ್ಲ. ಅದಕ್ಕಾದ ನಷ್ಟ ಸುಮಾರು 40 ಕೋಟಿ ಡಾಲರ್. ಚಿಪ್ ತಯಾರಿಕೆಯನ್ನು ಹೊಲಿಗೆ ಯಂತ್ರದ ಕಂಪನಿಗೆ ವಹಿಸಲಾಗದು. ಸಿದ್ಧ ಕಾರ್ಖಾನೆಯಲ್ಲೇ ಒಂದು ಚಿಪ್ ಹುಟ್ಟಲು ತಿಂಗಳುಗಳು ಬೇಕು, ಬೇರೆ ಕಾರ್ಖಾನೆಗೆ ಒಗ್ಗಿಸಲು ಇನ್ನೂ ಹೆಚ್ಚು.

ಟೊಯೋಟಾಕ್ಕೆ ಈ ವ್ಯತ್ಯಾಸ ಮನದಟ್ಟಾದದ್ದು 2011ರ ಮಾರ್ಚ್ ಭೂಕಂಪ ಮತ್ತು ಸುನಾಮಿಯ ನಂತರ. ಪೂರೈಕೆ ಸಹಜ ಸ್ಥಿತಿಗೆ ಬರಲು ವಾರಗಳಲ್ಲ, ಆರು ತಿಂಗಳ ಆಸುಪಾಸು ಹಿಡಿಯಿತು. ಆಮೇಲೆ ಅದು ಪೂರೈಕೆ ಸರಪಳಿಯ ಕೆಳಗಿನ ಹಂತಗಳ ಮಾಹಿತಿ ಕೂಡಿಹಾಕಿ, ಚಿಪ್‌ಗಳ ವಿಷಯದಲ್ಲಿ ಮಾತ್ರ ಎರಡರಿಂದ ಆರು ತಿಂಗಳ ದಾಸ್ತಾನು ಇಡುವಂತೆ ಪೂರೈಕೆದಾರರನ್ನು ಕೇಳಿತು. ತಿಂಗಳ ಲೆಕ್ಕ ನಿಂತದ್ದು ಆದೇಶ ಕೊಟ್ಟು ಚಿಪ್ ಕೈಸೇರುವವರೆಗಿನ ಅವಧಿಯ ಮೇಲೆ. ದಾಸ್ತಾನನ್ನು ಶತ್ರುವೆಂದು ಕರೆದ ಕಂಪನಿಯೇ ಹೀಗೆ ಮಾಡಿದ್ದನ್ನು ಸಿದ್ಧಾಂತದ ಸೋಲೆಂದು ಬರೆದವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಕಾನ್‌ಬಾನ್ ಸೂತ್ರದಲ್ಲಿ ಮರುಪೂರಣದ ದಿನಗಳು ಮೊದಲಿನಿಂದಲೂ ಇದ್ದವು. ಮಾಮೂಲಿ ದಿನದ ಸಂಖ್ಯೆಯ ಜಾಗದಲ್ಲಿ ಕೆಟ್ಟ ದಿನದ ಸಂಖ್ಯೆ ಹಾಕಿದರೆ ಚಿಪ್‌ಗೆ ಬರುವ ಉತ್ತರ ತಿಂಗಳುಗಳಲ್ಲೇ ಇರುತ್ತದೆ, ವಾಲ್ವ್‌ಗೆ ಬರುವುದು ದಿನಗಳಲ್ಲಿ. 2021ರ ಆರಂಭದಲ್ಲಿ ಚಿಪ್ ಕೊರತೆಯಿಂದ ಬೇರೆ ಕಾರು ಕಂಪನಿಗಳು ಲೈನ್ ನಿಲ್ಲಿಸುತ್ತಿದ್ದಾಗ ಟೊಯೋಟಾ ಹೆಚ್ಚುಕಡಿಮೆ ಓಡುತ್ತಲೇ ಇತ್ತು. ಆದರೆ ಕೊರತೆ ಆರು ತಿಂಗಳಿಗೂ ಮೀರಿ ಎಳೆಯಿತು, ಆಗ್ನೇಯ ಏಷ್ಯಾದ ಬಿಡಿಭಾಗ ಕಾರ್ಖಾನೆಗಳು ಕೋವಿಡ್‌ನಿಂದ ಮುಚ್ಚಿದವು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಅದೂ ಜಾಗತಿಕ ಉತ್ಪಾದನಾ ಯೋಜನೆಯನ್ನು ಶೇ 40ರಷ್ಟು ಕಡಿತಗೊಳಿಸಿತು.

ಪಟ್ಟಿಯಲ್ಲಿ ಇಲ್ಲದ ಬಿಡಿಭಾಗ

1997ರ ಆ ವಾರದಲ್ಲಿ ವಾಲ್ವ್ ಒಂದನ್ನು ಬಿಟ್ಟು ಉಳಿದೆಲ್ಲ ಇತ್ತು. ಅದರಲ್ಲೂ ಮುಖ್ಯವಾಗಿ ಯಾರಿಗೆ ಏನು ಬೇಕು ಎಂಬ ಮಾಹಿತಿ ಇತ್ತು. ದೂರವಾಣಿ, ಫ್ಯಾಕ್ಸ್, ಕಾಗದದ ನಕ್ಷೆ, ಖುದ್ದಾಗಿ ಬಂದು ನಿಂತ ತಂತ್ರಜ್ಞ ಇಷ್ಟರಲ್ಲೇ 200 ಕಂಪನಿಗಳ ಕೆಲಸ ಹೊಂದಿಕೊಂಡಿತು. ಈಗ ಆದೇಶ ಕಳಿಸುವ ಕೆಲಸ ಪೂರ್ತಿ ಕಂಪ್ಯೂಟರಿನದು. ಪೂರೈಕೆದಾರನೊಬ್ಬನ ಮೇಲಾದ ಸೈಬರ್ ದಾಳಿಯಿಂದ 2022ರ ಮಾರ್ಚ್ 1ರಂದು ಜಪಾನಿನಲ್ಲಿರುವ ಟೊಯೋಟಾದ 14 ಕಾರ್ಖಾನೆಗಳ 28 ಲೈನ್‌ಗಳು ಒಂದು ದಿನ ನಿಂತವು; ಸುಮಾರು 13,000 ವಾಹನಗಳ ಉತ್ಪಾದನೆ ತಪ್ಪಿತು. 2023ರ ಆಗಸ್ಟ್ 29ರಂದು ಮತ್ತೆ ಅದೇ 14 ಕಾರ್ಖಾನೆಗಳು ನಿಂತವು. ಈ ಸಲ ಬೆಂಕಿಯೂ ಇಲ್ಲ, ಭೂಕಂಪವೂ ಇಲ್ಲ, ದಾಳಿಯೂ ಇಲ್ಲ. ಬಿಡಿಭಾಗಗಳ ಆದೇಶ ನಿಭಾಯಿಸುವ ಸರ್ವರ್‌ಗಳ ನಿರ್ವಹಣಾ ಕೆಲಸ 27ರಂದು ನಡೆದಿತ್ತು. ದತ್ತಾಂಶವನ್ನು ಅಳಿಸಿ ಜೋಡಿಸುವ ಹೊತ್ತಿನಲ್ಲಿ ಡಿಸ್ಕ್‌ನಲ್ಲಿ ಜಾಗ ಸಾಲದೆ ವ್ಯವಸ್ಥೆ ನಿಂತುಹೋಯಿತು. ಹೆಚ್ಚು ಜಾಗವಿರುವ ಸರ್ವರ್‌ಗೆ ದತ್ತಾಂಶ ವರ್ಗಾಯಿಸಿದ ಮೇಲೆ ಮರುದಿನ ಕೆಲಸ ಶುರುವಾಯಿತು.

ಪರ್ಯಾಯ ಸರ್ವರ್ ಇರಲಿಲ್ಲವೇ ಎಂದು ಯಾರಾದರೂ ಕೇಳುತ್ತಾರೆ. ಇತ್ತು. ಅದೂ ಅದೇ ವ್ಯವಸ್ಥೆಯಲ್ಲಿ ಓಡುತ್ತಿದ್ದುದರಿಂದ ಅಲ್ಲಿಯೂ ಅದೇ ದೋಷ ಕಾಣಿಸಿಕೊಂಡಿತು, ಅದಕ್ಕೆ ಬದಲಾಯಿಸಿಕೊಳ್ಳಲು ಆಗಲಿಲ್ಲ ಎಂದು ಕಂಪನಿಯೇ ವಿವರಿಸಿತು.